ಹಲ್ಲು ಬರುವ ಕಾಲದ ಭೇದಿ

ಎಂಟು ತಿಂಗಳ ಕೂಸಿಗೆ ಬೆಳಗಿನಿಂದ ನೀರುನೀರಾಗಿ ಭೇದಿ ಆಗುತ್ತಿದೆ ಎಂದರೆ ಮನೆಯ ಹಿರಿಯರ ಬಾಯಲ್ಲಿ ಮೊದಲು ಬರುವ ಮಾತು ಸಾಮಾನ್ಯವಾಗಿ ಇದೇ: ‘ಹಲ್ಲು ಬರ್ತಿರಬೇಕು ಬಿಡು, ಅದಕ್ಕೇ ಹಿಂಗಾಗ್ತಿದೆ.’ ಮಧ್ಯಾಹ್ನದ ಹೊತ್ತಿಗೆ ಎರಡು ಸಲ ವಾಂತಿಯೂ ಆದರೆ ದೃಷ್ಟಿ ತೆಗೆಯುತ್ತಾರೆ. ಸಂಜೆಗೆ ಮಗುವಿನ ನೆತ್ತಿ ಒಳಗೆ ಇಳಿದಂತೆ ಕಂಡರೆ ಹರಳೆಣ್ಣೆ ಹಚ್ಚುತ್ತಾರೆ. ಇವೆಲ್ಲ ಮಗುವಿನ ಮೇಲಿನ ಅಕ್ಕರೆಯಿಂದಲೇ ನಡೆಯುತ್ತವೆ. ಆದರೆ ಆ ಆರೇಳು ಗಂಟೆಗಳಲ್ಲಿ ಮಗುವಿನ ಮೈಯಿಂದ ಎಷ್ಟು ನೀರು ಹೊರಗೆ ಹೋಯಿತು, ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ. ಮಗು ಉಳಿಯುವುದು ಆ ಲೆಕ್ಕದ ಮೇಲೆ.

ಹಲ್ಲಿನ ಮೇಲೆ ಅನುಮಾನ ಹುಟ್ಟಿದ್ದು ಸುಮ್ಮನೆ ಅಲ್ಲ. ಆರು ತಿಂಗಳಿನಿಂದ ಎರಡು ವರ್ಷದವರೆಗೆ ಹಲ್ಲು ಒಂದೊಂದಾಗಿ ಮೂಡುತ್ತವೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಗ್ಗುವುದೂ ಅದೇ ಕಾಲದಲ್ಲಿ. ಮಗು ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತಲು ಶುರು ಮಾಡಿರುತ್ತದೆ. ಚಪ್ಪಲಿ, ನೆಲದ ಮೇಲಿನ ಚಮಚ, ಅಣ್ಣನ ಆಟಿಕೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ವಸಡು ಕಡಿಯುತ್ತಿದ್ದರೆ ಇನ್ನೂ ಹೆಚ್ಚು. ಹೀಗೆ ಬಾಯಿಗೆ ಹೋಗುವುದರ ಜೊತೆ ವೈರಸ್ ಕೂಡ ಹೋಗುತ್ತದೆ. ಹಲ್ಲು ಮತ್ತು ಭೇದಿ ಒಂದೇ ಕಾಲಕ್ಕೆ ಬರುತ್ತವೆ, ನಿಜ. ಒಂದರಿಂದ ಇನ್ನೊಂದು ಬರುವುದಿಲ್ಲ.

ಚಿಕ್ಕ ಮಕ್ಕಳ ವಾಂತಿ-ಭೇದಿಗೆ ಕಾರಣವಾಗುವ ವೈರಸ್‌ಗಳಲ್ಲಿ ಮುಖ್ಯವಾದವು ರೋಟಾವೈರಸ್, ನೊರೊವೈರಸ್, ಅಡೆನೊವೈರಸ್‌ನ 40 ಮತ್ತು 41ನೇ ಬಗೆಗಳು, ಆಸ್ಟ್ರೊವೈರಸ್ ಮತ್ತು ಸ್ಯಾಪೊವೈರಸ್. ಕೊನೆಯ ಮೂರರ ಬಗ್ಗೆ ತಾಯ್ತಂದೆಯರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಡೆನೊವೈರಸ್‌ನ ಭೇದಿ ಒಂದೆರಡು ವಾರ ಎಳೆಯಬಹುದು, ಆಸ್ಟ್ರೊವೈರಸ್‌ನದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ ಎಂಬಷ್ಟು ತಿಳಿದಿದ್ದರೆ ಸಾಕು. ಮೊದಲಿನ ಎರಡನ್ನು ಮಾತ್ರ ಹೆಸರು ಹಿಡಿದು ಗುರುತಿಟ್ಟುಕೊಳ್ಳಬೇಕು.

ರೋಟಾವೈರಸ್ ಕಣ್ಣಿಗೆ ಬಿದ್ದು ಐವತ್ತು ವರ್ಷ ದಾಟಿದೆ. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು, ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣ ಕರುಳಿನಿಂದ ತೆಗೆದ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ತುಂಬ ದುಂಡನೆಯ ವೈರಸ್ ಕಣಗಳಿದ್ದವು. ಸುತ್ತ ಅರೆಕಾಲುಗಳಿರುವ ಗಾಡಿಯ ಗಾಲಿಯಂತೆ ಕಂಡದ್ದರಿಂದ ‘ರೋಟಾ’ ಎಂಬ ಹೆಸರು ಬಂತು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಚಕ್ರ. ಲಸಿಕೆ ಬರುವ ಮುಂಚಿನ ವರ್ಷಗಳಲ್ಲಿ ಭಾರತದಲ್ಲಿ ಐದು ವರ್ಷದೊಳಗಿನ ಸುಮಾರು 78 ಸಾವಿರ ಮಕ್ಕಳು ವರ್ಷಕ್ಕೆ ಈ ಒಂದೇ ವೈರಸ್‌ನಿಂದ ಸಾಯುತ್ತಿದ್ದರು ಎಂದು 2014ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆಸ್ಪತ್ರೆಗೆ ದಾಖಲಾಗುತ್ತಿದ್ದ ಮಕ್ಕಳು ಎಂಟು ಲಕ್ಷಕ್ಕೂ ಮೇಲೆ.

ಇದು ಮಾಡುವ ಹಾನಿ ಹೀಗೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಕೋಟ್ಯಂತರ ಕಿರುಚಾಚುಗಳಿವೆ. ಉಂಡದ್ದನ್ನೂ ಕುಡಿದದ್ದನ್ನೂ ಹೀರಿಕೊಳ್ಳುವ ಜೀವಕೋಶಗಳು ಅವುಗಳ ತುದಿಯಲ್ಲಿರುತ್ತವೆ. ರೋಟಾವೈರಸ್ ಎರಗುವುದು ಅಲ್ಲಿಗೇ. ಜೊತೆಗೆ ಅದು ಹುಟ್ಟಿಸುವ ಒಂದು ಪ್ರೋಟೀನು ಕರುಳು ನೀರನ್ನು ಒಳಗೆಳೆಯುವ ಬದಲು ಹೊರಗೆ ಸುರಿಸುವಂತೆ ಮಾಡುತ್ತದೆ. ಸೋಂಕು ತಗುಲಿದ ಸುಮಾರು ಎರಡು ದಿನಕ್ಕೆ ಜ್ವರ ಮತ್ತು ವಾಂತಿ, ಅದರ ಬೆನ್ನಿಗೇ ಭೇದಿ ಶುರುವಾಗಿ ಮೂರರಿಂದ ಎಂಟು ದಿನ ನಡೆಯುತ್ತದೆ. ಹೊಸ ಜೀವಕೋಶಗಳು ತುದಿಗೆ ಬೆಳೆದು ಬಂದಾಗ ಭೇದಿ ತಾನಾಗಿ ನಿಲ್ಲುತ್ತದೆ. ವೈರಸ್ಸನ್ನು ಕೊಲ್ಲಲೆಂದು ಮನೆಯಲ್ಲಿ ಕೊಡಬಹುದಾದ ಔಷಧ ಯಾವುದೂ ಇಲ್ಲ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮದ್ದು, ವೈರಸ್‌ಗೆ ಅದು ಏನೂ ಮಾಡದು. ದೊಡ್ಡವರು ಪ್ರಯಾಣಕ್ಕೆ ಹೊರಡುವಾಗ ನುಂಗುವ ಭೇದಿ ನಿಲ್ಲಿಸುವ ಮಾತ್ರೆಯನ್ನಂತೂ ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಅದು ಕರುಳಿನ ಚಲನೆಯನ್ನೇ ಕಟ್ಟಿಹಾಕಿ ಅಪಾಯ ತರಬಲ್ಲದು.

ನೊರೊವೈರಸ್‌ನ ಬಗೆ ಬೇರೆ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಒಟ್ಟೊಟ್ಟಿಗೆ ಮಕ್ಕಳೂ ಶಿಕ್ಷಕರೂ ವಾಂತಿಯಿಂದ ಮಲಗಿದರು. ನಾಲ್ಕು ವರ್ಷದ ನಂತರ ಅಲ್ಲಿನ ಮಾದರಿಯಲ್ಲಿ ವೈರಸ್ ಗುರುತು ಸಿಕ್ಕಿತು, ಊರಿನ ಹೆಸರೇ ಅದಕ್ಕೆ ಅಂಟಿತು. ಹತ್ತಿರದ ಉದಾಹರಣೆ ಬೇಕಿದ್ದರೆ ಕೊಡಗು, ಮೈಸೂರು ಜಿಲ್ಲೆಗಳ ಗಡಿಗೆ ತಾಗಿದ ಕೇರಳದ ವಯನಾಡಿನಲ್ಲಿ 2021ರಲ್ಲಿ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ತಗುಲಿತ್ತು. 2023ರ ಜನವರಿಯಲ್ಲಿ ಎರ್ನಾಕುಲಂ ಜಿಲ್ಲೆಯ ಶಾಲೆಯೊಂದರ ಮಕ್ಕಳಲ್ಲಿ ಕಾಣಿಸಿಕೊಂಡಿತು. ಸೋಂಕು ತಗುಲಿ 12ರಿಂದ 48 ಗಂಟೆಯೊಳಗೆ ವಾಂತಿ ಹತ್ತಿಕೊಳ್ಳುತ್ತದೆ, ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ. ಅಷ್ಟರೊಳಗೆ ಮನೆಯ ಅರ್ಧ ಜನಕ್ಕೆ ಹಬ್ಬಿರುತ್ತದೆ. ರೋಗ ಹತ್ತಿಸಲು ನೂರಕ್ಕೂ ಕಡಿಮೆ ಕಣಗಳು ಸಾಕು ಎನ್ನುವುದೇ ಇದಕ್ಕೆ ಕಾರಣ.

ಕೊರೊನಾ ಕಾಲದಿಂದ ಮನೆಮನೆಗೆ ಬಂದ ಸ್ಯಾನಿಟೈಸರ್ ಇಲ್ಲಿ ನಂಬುವಂಥದ್ದಲ್ಲ. ಆಲ್ಕೋಹಾಲಿಗೆ ನೊರೊವೈರಸ್ ಸರಿಯಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ, ಉಗುರಿನ ಸಂದಿಯವರೆಗೆ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವುದೇ ದಾರಿ. ವೈರಸ್ ಸಾಯದಿದ್ದರೂ ಕೈಯಿಂದ ಕೊಚ್ಚಿ ಹೋಗುತ್ತದೆ. ವಾಂತಿ ಬಿದ್ದ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಅದೇ ಬಟ್ಟೆಯನ್ನು ಅಡುಗೆಮನೆಗೆ ಒಯ್ದರೆ ರೋಗವನ್ನು ಹೊತ್ತು ತಿರುಗಿದಂತೆ. ಕಾಗದದಲ್ಲಿ ಬಳಿದು ತೆಗೆದು, ಬಳಿಕ ಬಾಟಲಿಯ ಮೇಲೆ ಬರೆದ ಅಳತೆಯಂತೆ ಬ್ಲೀಚ್ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡನ್ನು ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ.

‘ಕೂಸಿನ ಕಕ್ಕಕ್ಕೆ ಏನು ಮೈಲಿಗೆ’ ಎಂಬ ಮಾತನ್ನೂ ಇಲ್ಲಿ ಎತ್ತಲೇಬೇಕು. ಎಳೆಮಗುವಿನ ಮಲ ದೊಡ್ಡವರದರಷ್ಟು ಕೆಟ್ಟದ್ದಲ್ಲ ಎಂಬ ಭಾವನೆ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಲಂಗೋಟಿ ಹಿಂಡಿದ ನೀರು ಹಿತ್ತಲಿನ ಚರಂಡಿಗೆ ಹೋಗುತ್ತದೆ, ಒರೆಸಿದ ಕೈ ಸೀರೆಯ ಸೆರಗಿಗೆ ಹೋಗುತ್ತದೆ, ಅದೇ ಕೈ ದೊಡ್ಡ ಮಗುವಿಗೆ ಅನ್ನ ಕಲಸುತ್ತದೆ. ರೋಟಾವೈರಸ್ ತಗುಲಿದ ಮಗುವಿನ ಒಂದು ಗ್ರಾಂ ಮಲದಲ್ಲಿ ನೂರಾರು ಕೋಟಿ ಕಣಗಳಿರುತ್ತವೆ. ಮಲ ಶೌಚಾಲಯಕ್ಕೇ ಹೋಗಬೇಕು, ತೊಳೆದವರ ಕೈಗೆ ಪ್ರತಿ ಸಲವೂ ಸೋಪು ಬೀಳಬೇಕು.

ಈಗ ಚಿಕಿತ್ಸೆಯ ಮಾತು. ಭೇದಿ ಎಷ್ಟು ಸಲ ಆಯಿತು, ಹೇಗೆ ನಿಲ್ಲಿಸುವುದು ಎಂದು ಮನೆಯವರೆಲ್ಲ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಹೋದ ನೀರು ತುಂಬಿತೆ?

ಬರಿಯ ನೀರು ಕುಡಿಸಿದರೆ ಯಾಕೆ ಸಾಲದು ಎನ್ನುವುದರಲ್ಲಿ ಓಆರ್‌ಎಸ್‌ನ, ಅಂದರೆ ಬಾಯಿಂದ ಕುಡಿಸುವ ಉಪ್ಪು-ಗ್ಲೂಕೋಸ್ ದ್ರಾವಣದ ಗುಟ್ಟಿದೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಸೋಡಿಯಂ ಉಪ್ಪನ್ನೂ ಜೊತೆಜೊತೆಯಾಗಿ ಒಳಗೆ ಬಿಡುವ ಬಾಗಿಲೊಂದಿದೆ. ಒಂಟಿಯಾಗಿ ಬಂದರೆ ಅದು ತೆರೆಯದು. ಎರಡೂ ತಕ್ಕ ಪ್ರಮಾಣದಲ್ಲಿ ಬಂದರೆ ತೆರೆಯುತ್ತದೆ, ಅವುಗಳ ಹಿಂದೆಯೇ ನೀರು ಒಳಗೆ ಹರಿಯುತ್ತದೆ. ಭೇದಿ ಜೋರಾಗಿ ನಡೆಯುತ್ತಿರುವಾಗಲೂ ಈ ಬಾಗಿಲು ಸಾಕಷ್ಟು ಮಟ್ಟಿಗೆ ಕೆಲಸ ಮಾಡುತ್ತಿರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕೂ ಕೆಳಗೆ ಇಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ. ಮರುವರ್ಷ ಪದ್ಮವಿಭೂಷಣ ಬಂತು. ರೋಗಿಯ ಅಮ್ಮನೇ ಕೊಡಬಲ್ಲ ಚಿಕಿತ್ಸೆ ಇದು ಎಂದು ತೋರಿಸಿಕೊಟ್ಟ ಮನುಷ್ಯನಿಗೆ ಬದುಕಿರುವಾಗಲೇ ಆ ಗೌರವ ಸಲ್ಲಬೇಕಿತ್ತು.

ಓಆರ್‌ಎಸ್ ಪೊಟ್ಟಣ ಅಗ್ಗದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಶಾ ಕಾರ್ಯಕರ್ತೆಯ ಹತ್ತಿರವೂ ಉಚಿತವಾಗಿ ಸಿಗುತ್ತದೆ. ಆದರೆ ಕಲಸುವುದರಲ್ಲಿ ತಪ್ಪುತ್ತಾರೆ. ಪೊಟ್ಟಣದ ಹಿಂಬದಿಯಲ್ಲಿ ಎಷ್ಟು ನೀರಿಗೆ ಎಂದು ಬರೆದಿರುತ್ತದೆ. ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿ ಲೀಟರಿಗೆ. ದೊಡ್ಡ ಪೊಟ್ಟಣದಲ್ಲಿ ‘ಒಂದು ಚಮಚ’ ತೆಗೆದು ಲೋಟಕ್ಕೆ ಹಾಕಿ ಉಳಿದದ್ದನ್ನು ಮಡಚಿಡುವುದು ಎಲ್ಲೆಡೆ ಕಾಣುವ ರೂಢಿ. ಹಾಗೆ ಮಾಡಿದರೆ ಒಂದು ಲೋಟದಲ್ಲಿ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು, ಇನ್ನೊಂದರಲ್ಲಿ ಕಡಿಮೆಯಾಗಿ ಪ್ರಯೋಜನವಿಲ್ಲ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯೇ ಒಳ್ಳೆಯ ಅಳತೆ. ಕುದಿಸಿ ಆರಿಸಿದ ನೀರನ್ನು ಆ ಬಾಟಲಿಯಿಂದ ಅಳೆದು ತೊಳೆದ ಪಾತ್ರೆಗೆ ಸುರಿದು, ಪೊಟ್ಟಣವನ್ನು ಪೂರ್ತಿ ಕೊಡವಿ, ತಳದಲ್ಲಿ ಹರಳು ಉಳಿಯದಂತೆ ಕದಡಬೇಕು. ಸಕ್ಕರೆ, ಹಾಲು, ಹಣ್ಣಿನ ರಸ ಏನನ್ನೂ ಸೇರಿಸಬಾರದು. ಬೆರೆಸಿದ ಮೇಲೆ ಮತ್ತೆ ಕುದಿಸಬಾರದು. ರುಚಿ ನೋಡಿದರೆ ಕಣ್ಣೀರಿನಷ್ಟು ಉಪ್ಪುಪ್ಪಾಗಿರಬೇಕು, ಅದಕ್ಕಿಂತ ಹೆಚ್ಚಲ್ಲ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಬೇಕು.

ಪೊಟ್ಟಣ ಸಿಗದ ರಾತ್ರಿಗೆ ಮನೆಯ ಉಪ್ಪು-ಸಕ್ಕರೆ ನೀರು ಆದೀತು. ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿಕೊಂಡೇ ಹಾಕಬೇಕು. ಬೆಳಗಾದ ಕೂಡಲೇ ಪೊಟ್ಟಣ ತರಿಸಬೇಕು.

ಅಂಗಡಿಯಲ್ಲಿ ಟೆಟ್ರಾಪ್ಯಾಕಿನಲ್ಲಿ ಸಿಗುವ ಸಿಹಿ ಪಾನೀಯಗಳ ವಿಷಯಕ್ಕೆ ಎಚ್ಚರ. ಹೆಸರಿನಲ್ಲಿ ಓಆರ್‌ಎಸ್ ಎಂದಿದ್ದು ಒಳಗೆ ಬರೀ ಸಕ್ಕರೆ ತುಂಬಿದ್ದ ಡಬ್ಬಿಗಳನ್ನು ಮೆಡಿಕಲ್ ಸ್ಟೋರಿನಲ್ಲೇ ಎಷ್ಟೋ ವರ್ಷ ಮಾರಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರವು ಆಹಾರ-ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಬಳಸಕೂಡದೆಂದು ಆದೇಶಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ, ಉಪ್ಪು 2.6 ಗ್ರಾಂ. ಸಕ್ಕರೆ ಅದಕ್ಕಿಂತ ಹಲವು ಪಟ್ಟು ಏರಿದರೆ ಅದು ಮೈಯಿಂದಲೇ ನೀರನ್ನು ಕರುಳಿಗೆ ಎಳೆಯುತ್ತದೆ, ಭೇದಿ ಇನ್ನಷ್ಟು ಹೆಚ್ಚುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಬೇಕು. ಬಣ್ಣದ ತಂಪು ಪಾನೀಯ, ಬರೀ ಗ್ಲೂಕೋಸ್ ಪುಡಿ ಕದಡಿದ ನೀರು, ಡಬ್ಬಿಯ ಹಣ್ಣಿನ ರಸ ಇವುಗಳಿಗೂ ಸಕ್ಕರೆಯ ವಿಷಯದಲ್ಲಿ ಇದೇ ಮಾತು.

ಕುಡಿಸುವುದು ತಾಳ್ಮೆಯ ಕೆಲಸ. ‘ಏನು ಕೊಟ್ಟರೂ ಕಕ್ಕಿಬಿಡ್ತಾನೆ ಡಾಕ್ಟ್ರೇ’ ಎಂದು ಅಮ್ಮಂದಿರು ಹೇಳುವುದು ಸುಳ್ಳಲ್ಲ. ಬಾಯಾರಿದ ಮಗು ಲೋಟ ಕಂಡೊಡನೆ ಗಟಗಟ ಕುಡಿಯುತ್ತದೆ, ಕೆರಳಿದ ಹೊಟ್ಟೆ ಅಷ್ಟನ್ನೂ ಹೊರಗೆ ಹಾಕುತ್ತದೆ. ಲೋಟ, ಬಾಟಲಿ ಬದಿಗಿಟ್ಟು ಚಮಚ ಹಿಡಿಯಬೇಕು. ಮಗುವನ್ನು ತೊಡೆಯ ಮೇಲೆ ಸ್ವಲ್ಪ ಎತ್ತರಿಸಿ ಕೂರಿಸಿಕೊಂಡು ಒಂದೆರಡು ನಿಮಿಷಕ್ಕೆ ಒಂದೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು, ಇನ್ನೂ ನಿಧಾನಕ್ಕೆ. ಹೀಗೆ ಕುಡಿಸಿದ್ದರಲ್ಲಿ ಬಹುಪಾಲು ಒಳಗೇ ಉಳಿಯುತ್ತದೆ. ಪ್ರತಿ ಭೇದಿಯ ನಂತರ ಎರಡು ತಿಂಗಳೊಳಗಿನ ಕೂಸಿಗೆ ಐದು ಚಮಚ, ಎರಡು ವರ್ಷದೊಳಗಿನ ಮಗುವಿಗೆ ಕಾಲು ಲೋಟದಿಂದ ಅರ್ಧ ಲೋಟ, ಎರಡು ದಾಟಿದ ಮಕ್ಕಳಿಗೆ ಅರ್ಧದಿಂದ ಒಂದು ಲೋಟ ಎಂಬುದು ಲೆಕ್ಕ. ಎರಡು ತಿಂಗಳೊಳಗಿನ ಕೂಸಾದರೆ ಇದನ್ನು ಕೊಡುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ. ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ ಮೇಲೆ 20 ಮಿಲಿಗ್ರಾಂ. ಚಮಚದಲ್ಲಿ ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಹಾಕಿ ಮಾತ್ರೆ ಇಟ್ಟರೆ ಕರಗುತ್ತದೆ. ಮೂರನೇ ದಿನಕ್ಕೆ ಭೇದಿ ನಿಂತಿತೆಂದು ಬಹಳಷ್ಟು ಮನೆಗಳಲ್ಲಿ ಮಾತ್ರೆಯೂ ನಿಲ್ಲುತ್ತದೆ. 14 ದಿನ ಪೂರ್ತಿ ಕೊಟ್ಟರೇ ಕರುಳು ಚೇತರಿಸಿಕೊಳ್ಳುತ್ತದೆ, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವ ಸಾಧ್ಯತೆಯೂ ತಗ್ಗುತ್ತದೆ.

‘ಲಂಘನಂ ಪರಮೌಷಧಂ’ ಎಂಬ ಮಾತನ್ನು ಎಳೆಮಗುವಿನ ಮೇಲೆ ಪ್ರಯೋಗಿಸಬಾರದು. ಹೊಟ್ಟೆಗೆ ವಿಶ್ರಾಂತಿ ಕೊಡುತ್ತೇವೆಂದು ಹಾಲು, ಅನ್ನ ನಿಲ್ಲಿಸಿದರೆ ಸವೆದ ಕರುಳು ಮತ್ತೆ ಬೆಳೆಯಲು ಬೇಕಾದದ್ದೇ ಸಿಗುವುದಿಲ್ಲ. ಎದೆಹಾಲು ಎಂದಿಗಿಂತ ಹೆಚ್ಚು ಸಲ ಕೊಡಬೇಕು. ಆರು ತಿಂಗಳು ದಾಟಿದ ಮಗುವಿಗೆ ಮೆತ್ತಗಿನ ಅನ್ನ-ಹೆಸರುಬೇಳೆ, ರಾಗಿ ಸರಿ, ಉಪ್ಪು ಹಾಕಿದ ಅಕ್ಕಿ ಗಂಜಿ, ಮೊಸರನ್ನ, ಮಜ್ಜಿಗೆ, ಕಿವುಚಿದ ಬಾಳೆಹಣ್ಣು, ಎಲ್ಲವೂ ಆದೀತು. ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಆದ್ದರಿಂದ ಓಆರ್‌ಎಸ್ ಬದಲಿಗೆ ಅದು ನಿಲ್ಲದು. ಗುಣವಾದ ಮೇಲೂ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚಿಗೆ ಉಣಿಸಿದರೆ ಇಳಿದ ತೂಕ ಮರಳುತ್ತದೆ.

ಮನೆಯ ಆರೈಕೆ ಸಾಲದು ಎನ್ನುವ ಗಳಿಗೆಯನ್ನು ಗುರುತಿಸುವುದು ಹೇಗೆ? ಹೊಕ್ಕುಳಿನ ಪಕ್ಕದ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಮೇಲೆತ್ತಿ ಬಿಡಬೇಕು. ಚೆನ್ನಾಗಿರುವ ಮಗುವಿನದು ತಟ್ಟನೆ ಸಮನಾಗುತ್ತದೆ. ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿದರೆ ನೀರು ಬತ್ತಿದೆ ಎಂದರ್ಥ. ಎರಡು ಸೆಕೆಂಡಿಗೂ ಹೆಚ್ಚು ಹಿಡಿದರೆ ಸ್ಥಿತಿ ಗಂಭೀರ. ಕಣ್ಣು ಗುಳಿ ಬಿದ್ದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ನಾಲಗೆ ಒಣಗಿರುವುದು, ಆರೆಂಟು ಗಂಟೆ ಮೂತ್ರ ಹೊಯ್ಯದಿರುವುದು, ಹರಳೆಣ್ಣೆ ಹಚ್ಚುವ ಆ ನೆತ್ತಿ ತಗ್ಗಿರುವುದು, ಇವೆಲ್ಲ ಒಂದೇ ಕಥೆ ಹೇಳುತ್ತವೆ. ಮಗು ಮಂಕಾಗಿ ಮಲಗಿಯೇ ಇದ್ದರೆ, ಚಮಚವನ್ನೂ ನುಂಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹಸಿರು ವಾಂತಿಯಾದರೆ ಕಾಯಬಾರದು. ಹೊರಡುವ ಮುನ್ನ ಓಆರ್‌ಎಸ್ ಬಾಟಲಿಯನ್ನೂ ಚಮಚವನ್ನೂ ಚೀಲಕ್ಕೆ ಹಾಕಿಕೊಂಡು ದಾರಿಯುದ್ದಕ್ಕೂ ಕುಡಿಸುತ್ತಾ ಹೋಗಬೇಕು. ಇಂಥ ಮಗುವಿಗೆ ಡ್ರಿಪ್ ಬೇಕಾದೀತು. ಆಡಿಕೊಂಡಿರುವ ಮಗುವಿಗೆ ಮಾತ್ರ ‘ಗ್ಲೂಕೋಸ್ ಹಾಕಿಬಿಡಿ’ ಎಂದು ಒತ್ತಾಯಿಸುವುದರಲ್ಲಿ ಅರ್ಥವಿಲ್ಲ.

ಸೋಪು, ನೀರು, ಶೌಚಾಲಯ ಎಲ್ಲ ಇರುವ ಶ್ರೀಮಂತ ದೇಶಗಳಲ್ಲೂ ಲಸಿಕೆ ಬರುವ ಮೊದಲು ಬಹುತೇಕ ಪ್ರತಿ ಮಗುವಿಗೂ ರೋಟಾವೈರಸ್ ತಗುಲುತ್ತಿತ್ತು. ಹಾಗಾಗಿ ಲಸಿಕೆ ಬಿಟ್ಟರೆ ಗತಿಯಿಲ್ಲ. ಈ ಲಸಿಕೆಯ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ತಂಡದವರು ಬೆಂಗಳೂರಿನ ನವಜಾತ ಶಿಶುಗಳಲ್ಲಿ, ಸೋಂಕಿದ್ದರೂ ಭೇದಿ ತರದ ಒಂದು ರೋಟಾವೈರಸ್ ಕಂಡರು. ಅದರ ಹೆಚ್ಚಿನ ಅಂಶ ದನದ ರೋಟಾವೈರಸ್‌ನದು. ಐ321 ಎಂದು ಹೆಸರಿಟ್ಟರು. ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಅವರ ತಂಡಕ್ಕೂ 1980ರ ದಶಕದಲ್ಲಿ ಇಂಥದ್ದೇ ನಿರುಪದ್ರವಿ ವೈರಸ್ ಸಿಕ್ಕಿತ್ತು, ಅದರ ಹೆಸರು 116ಇ. ಎರಡನ್ನೂ ಲಸಿಕೆಯಾಗಿ ಪರೀಕ್ಷಿಸಿದಾಗ ದೆಹಲಿಯದು ಹೆಚ್ಚು ಪ್ರತಿರೋಧ ಹುಟ್ಟಿಸಿತು. ಅದರಿಂದಲೇ ರೋಟಾವ್ಯಾಕ್ ತಯಾರಾಯಿತು. ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳಲ್ಲಿ ಪರೀಕ್ಷೆ ನಡೆದು, 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ಸೇರಿತು. 2019ರಲ್ಲಿ ರೋಟಾವೈರಸ್ ಲಸಿಕೆ ದೇಶವಿಡೀ ವ್ಯಾಪಿಸಿತು.

ಲಸಿಕೆ ಹಾಕಿಸಿದ ಮಗುವಿಗೆ ಭೇದಿ ಬರುವುದೇ ಇಲ್ಲವೆಂದು ಯಾರೂ ಹೇಳಬಾರದು. ಆ ಪರೀಕ್ಷೆಯಲ್ಲಿ ತೀವ್ರ ರೋಟಾವೈರಸ್ ಭೇದಿ ತಗ್ಗಿದ್ದು ಸುಮಾರು ಶೇ 56ರಷ್ಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು: ನಮ್ಮಲ್ಲಿ ಮೂರು ಸಲ ನಿಜವಾದ ಸೋಂಕೇ ತಗುಲಿದರೂ ಸಿಗುವ ರಕ್ಷಣೆ ಶೇ 79 ಮಾತ್ರ. ಅಂದಮೇಲೆ ಒಂದು ಲಸಿಕೆ ಅರ್ಧಕ್ಕಿಂತ ಹೆಚ್ಚು ತೀವ್ರ ರೋಗವನ್ನು ತಡೆದರೆ ಅದು ಸಣ್ಣ ಮಾತಲ್ಲ. ಆಸ್ಪತ್ರೆಗಳ ಲೆಕ್ಕವೂ ಹಾಗೇ ಇದೆ. ಭೇದಿಗೆಂದು ದಾಖಲಾದ ಮಕ್ಕಳಲ್ಲಿ ರೋಟಾವೈರಸ್ ಪಾಲು ಲಸಿಕೆಗೆ ಮುಂಚೆ ನೂರಕ್ಕೆ ನಲವತ್ತರಷ್ಟಿತ್ತು, ಲಸಿಕೆ ಬಂದ ಕೆಲವೇ ವರ್ಷಗಳಲ್ಲಿ ಇಪ್ಪತ್ತರ ಹತ್ತಿರಕ್ಕೆ ಇಳಿಯಿತು. ಅಮೆರಿಕದಲ್ಲಿ 1999ರಲ್ಲಿ ಹಿಂತೆಗೆದುಕೊಂಡ ಹಳೆಯ ಲಸಿಕೆಯೊಂದು ಕರುಳಿನೊಳಗೆ ಕರುಳು ತೂರಿಕೊಳ್ಳುವ ತೊಂದರೆಗೆ ಕಾರಣವಾಗಿದ್ದು ನಿಜ. ನಮ್ಮ ಲಸಿಕೆಯಿಂದ ಅಂಥ ಅಪಾಯ ಹೆಚ್ಚಿಲ್ಲವೆಂದು ಭಾರತದಲ್ಲೇ ನಡೆದ ಅಧ್ಯಯನ 2020ರಲ್ಲಿ ಹೇಳಿತು.

ಲಸಿಕೆ ಬಾಯಿಗೆ ಹಾಕುವಂಥದ್ದು. ಹುಟ್ಟಿದ 6, 10 ಮತ್ತು 14ನೇ ವಾರದಲ್ಲಿ, ಸರ್ಕಾರಿ ಕೇಂದ್ರದಲ್ಲಿ ಉಚಿತ. ‘ಪೋಲಿಯೊ ಹನಿ ಹಾಕಿಸಿದ್ದೀವಲ್ಲ’ ಎಂದುಕೊಂಡು ಎಷ್ಟೋ ಮನೆಯವರು ಎರಡನ್ನೂ ಒಂದೇ ಎಂದು ತಿಳಿದಿರುತ್ತಾರೆ. ಎರಡೂ ಬೇರೆ. ಮನೆಯಲ್ಲಿ ಎಳೆಮಗುವಿದ್ದರೆ ಇವತ್ತೇ ತಾಯಿ ಕಾರ್ಡ್ ತೆಗೆದು, ರೋಟಾ ಎಂದಿರುವ ಕಡೆ ಮೂರೂ ದಿನಾಂಕ ಬಿದ್ದಿವೆಯೇ ನೋಡಿ. ಒಂದೂ ಬಿದ್ದಿಲ್ಲವಾದರೆ, ಮಗುವಿಗೆ ವರ್ಷ ತುಂಬುವ ಮುಂಚೆ ಮೊದಲ ಡೋಸ್ ಹಾಕಿಸಲು ಇನ್ನೂ ಅವಕಾಶವಿದೆ.